ಶ್ರೀರಂಗಪಟ್ಟಣದ ಹಣ, ಕೆಂಟ್‌ನ ಮನೆ

ಶ್ರೋತೃಗಳಿಗೆ ನಮಸ್ಕಾರ.

ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿರುವ ಕೆಂಟ್ ಪ್ರಾಂತದಲ್ಲಿ, ಫೇವರ್‌ಶ್ಯಾಮ್ ಎಂಬ ಹಳೆಯ ಪಟ್ಟಣದಿಂದ ಕೆಲವೇ ಮೈಲಿ ದೂರದಲ್ಲಿ, ಬೆಲ್ಮಾಂಟ್ ಎಂಬ ಬಂಗಲೆಯಿದೆ. ಅಲ್ಲಿಯ ಉಳ್ಳವರು ತಮ್ಮ ಜಮೀನಿನ ನಡುವೆ ಕಟ್ಟಿಸಿಕೊಳ್ಳುತ್ತಿದ್ದ ದೊಡ್ಡ ಮನೆಗಳಲ್ಲಿ ಇದೂ ಒಂದು. ಇದಕ್ಕಿಂತ ವಿಶಾಲವಾದ, ಹೆಚ್ಚು ಹೆಸರಾದ ಮನೆಗಳು ಆ ದೇಶದಲ್ಲಿ ಬಹಳಷ್ಟಿವೆ. ಆದರೆ ಈ ಮನೆಯ ಒಡೆತನ ಬದಲಾದ ಇತಿಹಾಸದಲ್ಲಿ ನಮ್ಮ ಶ್ರೀರಂಗಪಟ್ಟಣ ಸೇರಿಕೊಂಡಿದೆ. ಆದ್ದರಿಂದಲೇ ಇದನ್ನು ಕನ್ನಡಿಗರು ತಿಳಿದಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಮೊದಲು ಅಲ್ಲಿದ್ದದ್ದು 1769ರಲ್ಲಿ ಕಟ್ಟಿದ ಸಾಧಾರಣ ಮನೆ. ಅದನ್ನು ಕಟ್ಟಿಸಿದವನು ಫೇವರ್‌ಶ್ಯಾಮಿನ ಸಿಡಿಮದ್ದಿನ ಕಾರ್ಖಾನೆಯ ಉಗ್ರಾಣದ ಅಧಿಕಾರಿ. 1780ರಲ್ಲಿ ಅದನ್ನು ಕೊಂಡ ಕರ್ನಲ್ ಜಾನ್ ಮಾಂಟ್ರೆಸರ್, ಅಮೆರಿಕದಲ್ಲಿ ಬ್ರಿಟಿಷ್ ಸೈನ್ಯದ ಮುಖ್ಯ ಎಂಜಿನಿಯರ್ ಆಗಿದ್ದವನು. ಅವನು ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ವಯಟ್‌ನಿಂದ ಈಗ ಕಾಣುವ ಮನೆಯನ್ನು ಕಟ್ಟಿಸಿದ. ದೂರದಿಂದ ನೋಡಿದರೆ ಗೋಡೆಗಳು ತಿಳಿಹಳದಿ ಇಟ್ಟಿಗೆಯವೆಂದೇ ತೋರುತ್ತವೆ. ನಿಜದಲ್ಲಿ ಅವು ಹೆಂಚುಗಳು. ಪ್ರತಿಯೊಂದು ಹೆಂಚಿನ ಮೇಲ್ಭಾಗವನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿ, ಮೇಲಿನ ಸಾಲಿನ ಹೆಂಚು ಅದನ್ನು ಮುಚ್ಚುವಂತೆ ಜೋಡಿಸಿ, ಸಂದುಗಳಿಗೆ ಗಾರೆ ತುಂಬಿದರೆ, ಹೊರಗೆ ಉಳಿಯುವ ಪಟ್ಟಿ ಇಟ್ಟಿಗೆಯ ಮುಖದಂತೆಯೇ ಕಾಣುತ್ತದೆ. ಇಷ್ಟು ಅಚ್ಚುಕಟ್ಟಾಗಿ ಈ ಕೆಲಸ ಮಾಡಿದ ಗೋಡೆಗಳು ಕಾಣಸಿಗುವುದು ಅಪರೂಪ.

ಕಟ್ಟಿಸಿದವನಿಗೆ ಈ ಮನೆ ದಕ್ಕಲಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧಕಾಲದಲ್ಲಿ ಅವನು ಮಾಡಿದ ಖರ್ಚಿನ ಲೆಕ್ಕಗಳನ್ನು ಸರ್ಕಾರದ ಖಜಾನೆ ಒಪ್ಪಲಿಲ್ಲ. ವಿವಾದ ವರ್ಷಗಟ್ಟಲೆ ಎಳೆದು, ಆಸ್ತಿ ಜಪ್ತಿಯಾಗಿ, ಮಾಂಟ್ರೆಸರ್ 1799ರಲ್ಲಿ ಮೇಡ್‌ಸ್ಟೋನ್ ಪಟ್ಟಣದ ಸೆರೆಮನೆಯಲ್ಲಿ ತೀರಿಕೊಂಡ.

ಅದೇ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಹತನಾದ. ಕೋಟೆಗೆ ಮುತ್ತಿಗೆ ಹಾಕಿದ್ದ ಸೈನ್ಯದ ಮಹಾದಂಡನಾಯಕ ಜನರಲ್ ಜಾರ್ಜ್ ಹ್ಯಾರಿಸ್. ಕೆಂಟ್ ಪ್ರಾಂತದ ಬಡ ಪಾದ್ರಿಯೊಬ್ಬನ ಮಗನಾದ ಈತನೂ ಅಮೆರಿಕದ ಯುದ್ಧದಲ್ಲಿ ಹೋರಾಡಿ, ಬಂಕರ್ ಹಿಲ್ ಕದನದಲ್ಲಿ ತಲೆಗೆ ಗುಂಡು ತಗುಲಿ ಬದುಕುಳಿದವನು. ಲಗ್ಗೆಯಿಟ್ಟು ಗೆದ್ದ ಕೋಟೆಯ ಸಂಪತ್ತನ್ನು ಗೆದ್ದ ಸೈನಿಕರಿಗೇ ದರ್ಜೆಯ ಪ್ರಕಾರ ಹಂಚುವುದು ಆ ಕಾಲದ ಸೈನ್ಯದ ಪದ್ಧತಿ. ಅದರಂತೆ ಸಮಿತಿಯೊಂದು ಅರಮನೆಯ ನಾಣ್ಯ, ಒಡವೆ, ವಸ್ತುಗಳನ್ನು ಎಣಿಸಿ ಬೆಲೆ ಕಟ್ಟಿತು. ಟಿಪ್ಪುವಿನ ಚಿನ್ನದ ಸಿಂಹಾಸನವನ್ನೇ ಒಡೆದು ಚೂರು ಮಾಡಿ ಹಂಚಲಾಯಿತು. ಒಟ್ಟು ಮೊತ್ತ ಸುಮಾರು 11 ಲಕ್ಷ ಪೌಂಡ್. ಅದರಲ್ಲಿ ಎಂಟನೆಯ ಒಂದು ಪಾಲು, ಎಂದರೆ ಸುಮಾರು 1,43,000 ಪೌಂಡ್, ಹ್ಯಾರಿಸ್ ಒಬ್ಬನಿಗೇ ಸಂದಿತು. ಮುಂದೆ ವಾಟರ್‌ಲೂ ಯುದ್ಧವನ್ನು ಗೆದ್ದು ವೆಲಿಂಗ್ಟನ್ ಎನಿಸಿದ ಆರ್ಥರ್ ವೆಲ್ಲೆಸ್ಲಿ ಅಂದು ಕರ್ನಲ್ ಆಗಿದ್ದ. ಅವನಿಗೆ ಬಂದದ್ದು ಸುಮಾರು 4,000 ಪೌಂಡ್ ಮಾತ್ರ. ಹ್ಯಾರಿಸ್‌ನ ಪಾಲು ವಿಪರೀತವಾಯಿತೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರೇ ತಕರಾರು ತೆಗೆದರು. ಕೊನೆಗೆ ಬ್ರಿಟಿಷ್ ದೊರೆಯ ಸಲಹಾ ಸಭೆಯಾದ ಪ್ರಿವಿ ಕೌನ್ಸಿಲ್‌ನಲ್ಲಿ ತೀರ್ಪು ಹ್ಯಾರಿಸ್‌ನ ಪರವಾಗಿ ಬಂದಿತು. ಸ್ವಂತ ಆಸ್ತಿಯಿಲ್ಲದೆ ಸೈನ್ಯ ಸೇರಿದವನು 1801ರ ಹರಾಜಿನಲ್ಲಿ ಬೆಲ್ಮಾಂಟನ್ನು ಕೊಂಡದ್ದು ಈ ಹಣದಿಂದ. 1815ರಲ್ಲಿ ಅವನಿಗೆ ದೊರೆತ ಬ್ಯಾರನ್ ಎಂಬ, ವಂಶದಲ್ಲಿ ಮುಂದುವರಿಯುವ ಲಾರ್ಡ್ ಪದವಿಯಲ್ಲಿ ಶ್ರೀರಂಗಪಟ್ಟಣ, ಮೈಸೂರು, ಬೆಲ್ಮಾಂಟ್ ಮೂರರ ಹೆಸರೂ ಒಟ್ಟಿಗೆ ಸೇರಿವೆ. ಇಂದಿಗೂ ಆ ವಂಶದ ಬಿರುದು ಅದೇ.

ಹ್ಯಾರಿಸ್ ಮನೆತನಕ್ಕೂ ಕನ್ನಡ ನಾಡಿಗೂ ಇದ್ದ ಸಂಬಂಧ ಅಲ್ಲಿಗೆ ಮುಗಿಯಲಿಲ್ಲ. ಮೂರನೆಯ ಲಾರ್ಡ್ ಹ್ಯಾರಿಸ್ ಟ್ರಿನಿಡಾಡ್‌ನಲ್ಲಿ ಗವರ್ನರ್ ಆಗಿದ್ದು, 1854ರಿಂದ 1859ರವರೆಗೆ ಮದರಾಸಿನ ಗವರ್ನರ್ ಆದ. ಆಗ ಬಳ್ಳಾರಿ ಮತ್ತು ಕರಾವಳಿಯ ಕೆನರಾ ಮದರಾಸು ಪ್ರಾಂತಕ್ಕೇ ಸೇರಿದ್ದವು. ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕನಾಗಿ ಹೆಸರಾದ ನಾಲ್ಕನೆಯ ಲಾರ್ಡ್ 1890ರಿಂದ 1895ರವರೆಗೆ ಮುಂಬಯಿ ಪ್ರಾಂತದ ಗವರ್ನರ್; ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಆ ಪ್ರಾಂತದ ಜಿಲ್ಲೆಗಳು.

ಐದನೆಯ ಲಾರ್ಡ್ ಹ್ಯಾರಿಸ್‌ಗೆ ಆಡಳಿತಕ್ಕಿಂತ ಗಡಿಯಾರಗಳ ಮೇಲೆ ಪ್ರೀತಿ ಹೆಚ್ಚು. 1984ರಲ್ಲಿ ತೀರಿಕೊಂಡ ಆತ ಒಟ್ಟುಗೂಡಿಸಿದ ಮುನ್ನೂರಕ್ಕೂ ಮೀರಿದ ಗಡಿಯಾರಗಳ ಸಂಗ್ರಹ ಇಂಗ್ಲೆಂಡಿನ ಅತ್ಯುತ್ತಮ ಖಾಸಗಿ ಸಂಗ್ರಹಗಳಲ್ಲಿ ಒಂದು. ಅದೇ ಇಪ್ಪತ್ತನೆಯ ಶತಮಾನದಲ್ಲಿ ಮೃತರ ಆಸ್ತಿಯ ಮೇಲಿನ ತೆರಿಗೆ, ಅತಿ ದೊಡ್ಡ ಆಸ್ತಿಗಳಿಗೆ, ನೂರಕ್ಕೆ 80ರವರೆಗೂ ಏರಿತ್ತು. ಆಳುಕಾಳುಗಳ ಸಂಬಳವೂ ದುಬಾರಿಯಾಗಿತ್ತು. ಇಂಥ ನೂರಾರು ಬಂಗಲೆಗಳನ್ನು ಒಡೆಯರೇ ಕೆಡವಿಸಿ ಕಲ್ಲು, ಮರ, ಒಲೆಕಟ್ಟೆಗಳನ್ನು ಮಾರಿದರು. ಉಳಿದವು ಶಾಲೆಗಳಾದವು, ಹೋಟೆಲುಗಳಾದವು. ಬೆಲ್ಮಾಂಟ್ ಉಳಿದುಕೊಂಡಿತು. ಈಗ ಅದು ವ್ಯಕ್ತಿಯ ಸ್ವತ್ತಾಗಿರದೆ ಹ್ಯಾರಿಸ್ ಮನೆತನದ ಹೆಸರಿನ ಧರ್ಮದತ್ತಿಯ ಸ್ವತ್ತು. ಮನೆ, ತೋಟಗಳನ್ನು ಸಾರ್ವಜನಿಕರು ನೋಡಬಹುದು, ಗಡಿಯಾರಗಳನ್ನು ತೋರಿಸಲು ಬೇರೆಯೇ ವ್ಯವಸ್ಥೆ ಇದೆ, ಮದುವೆಗಳೂ ನಡೆಯುತ್ತವೆ.

ಆ ಹೆಂಚಿನ ಗೋಡೆಯನ್ನೂ ಗಡಿಯಾರಗಳನ್ನೂ ಜೋಪಾನ ಮಾಡಿರುವುದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಶ್ರೀರಂಗಪಟ್ಟಣವನ್ನು ಬರಿಯ ವಿಜಯದ ಹೆಸರಾಗಿ ಹೇಳಿ ಮುಗಿಸಬಾರದು. ಊರನ್ನು ಸೂರೆ ಮಾಡಿದ್ದು, ಸಿಂಹಾಸನ ಒಡೆದದ್ದು, ಎಂಟನೆಯ ಒಂದು ಪಾಲಿನ ಲೆಕ್ಕ, ಇವೆಲ್ಲವೂ ಮನೆಯ ಕ್ರಯದ ಭಾಗವೇ. ಲಂಡನ್ನಿನಿಂದ ಫೇವರ್‌ಶ್ಯಾಮಿಗೆ ನೇರ ರೈಲು ಇದೆ. ಅಲ್ಲಿಯ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಒಮ್ಮೆ ಮಕ್ಕಳೊಂದಿಗೆ ಹೋಗಿ, ಮನೆ ತೋರಿಸುವವರನ್ನು 1801ರ ಹರಾಜಿನ ಹಣ ಎಲ್ಲಿಂದ ಬಂತೆಂದು ಕೇಳಬೇಕೆಂದು ನನ್ನ ಕೋರಿಕೆ.

ನಮಸ್ಕಾರ.