ಕೆಟ್ಟಿಲ್ಲ, ಅಳ್ಳಾಡ್ಯಾರ

(ಧಾರವಾಡದಲ್ಲಿ ಪದವಿ ಕಾಲೇಜು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಈ ವೇದಿಕೆಯ ಮೇಲೆ ಒಂದೇ ಮಾತು ಕೇಳುತ್ತಿದ್ದೇನೆ: ಫಸ್ಟ್ ಇಯರ್ ಹುಡುಗರು ಕೆಟ್ಟುಹೋಗಿದ್ದಾರೆ. ಊಟ ಆದ ಮೇಲೆ ನನ್ನ ಪಾಳಿ ಬಂದಿದೆ, ಕಣ್ಣು ಎಳೆಯೋ ಹೊತ್ತು. ಹಂಗಾಗಿ ಜಗಳದಿಂದಲೇ ಶುರು ಮಾಡ್ತೀನಿ. ಕೆಟ್ಟಿಲ್ಲರೀ, ಅಳ್ಳಾಡ್ಯಾರ. ಕೂಸಿನ ಹಾಲುಹಲ್ಲು ಅಳ್ಳಾಡಿದರ ಹುಳುಕು ಅಂತ ಡಾಕ್ಟರ ಹತ್ರ ಓಡ್ತೀರೇನು?

ನವಲಗುಂದ, ಅಣ್ಣಿಗೇರಿ, ಶಿಗ್ಗಾಂವಿಯಿಂದ ಬಂದ ಹುಡುಗ ಧಾರವಾಡದ ಸಪ್ತಾಪುರದಲ್ಲಿ ಇನ್ನಿಬ್ಬರ ಜೊತೆ ರೂಮು ಹಿಡಿಯುತ್ತಾನೆ. ಊರಲ್ಲಿ ಅವನ ನೀತಿಯನ್ನು ಅವನೊಬ್ಬನೇ ಹೊತ್ತಿರಲಿಲ್ಲ. ಕಟ್ಟೆ ಮೇಲಿನ ಹಿರಿಯರು, ಕಿರಾಣಿ ಅಂಗಡಿಯವ, ಸೋದರಮಾವ ಎಲ್ಲರೂ ಕೈ ಹಚ್ಚಿದ್ದರು. ಸಿಗರೇಟು ಹಚ್ಚಿದರೆ ಅವನಿಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತಿತ್ತು. ಇಲ್ಲಿ ಕೇಳುವವರಿಲ್ಲ. ರೂಮಿನಲ್ಲಿ ಒಬ್ಬ ಶ್ರಾವಣ ಹಿಡಿದಿದ್ದಾನೆ, ಇನ್ನೊಬ್ಬ ಅದೇ ಸ್ಟೋವಿನ ಮೇಲೆ ಆಮ್ಲೆಟ್ ಹಾಕುತ್ತಾನೆ. ಇಬ್ಬರೂ ಒಳ್ಳೆಯವರೇ. ಆಗ ಇವನಿಗೆ ಅನಿಸುತ್ತದೆ, ಹಂಗಾರ ಸರಿ-ತಪ್ಪು ಅನ್ನೋದು ಅವರವರಿಗೆ ಬಿಟ್ಟಿದ್ದು.

ಇದು ಇವತ್ತಿನ ಕಥೆಯಲ್ಲ. ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗರ ನೈತಿಕ ಬೆಳವಣಿಗೆಯ ಆರು ಹಂತಗಳನ್ನು ಬಿ.ಇಡಿ. ಮಾಡಿದವರೆಲ್ಲ ಬಾಯಿಪಾಠ ಮಾಡಿದ್ದೀರಿ, ಅದನ್ನು ಬಿಡೋಣ. 1969ರಲ್ಲಿ ಅವರು ಮತ್ತು ಸಹಲೇಖಕ ಕ್ರೇಮರ್ ಒಂದು ಪೇಚು ಬರೆದಿಟ್ಟರು. ಹೈಸ್ಕೂಲಿನಲ್ಲಿ ಕಾನೂನು, ಕರ್ತವ್ಯ ಎನ್ನುತ್ತಿದ್ದ ಕೆಲವು ಹುಡುಗರು ಕಾಲೇಜಿಗೆ ಬಂದು 'ನನಗೇನು ಲಾಭ' ಅನ್ನೋ ಮಾತಿಗೆ ಇಳಿದಿದ್ದರು. ಒಂದು ಹಂತ ಹತ್ತಿದವ ಕೆಳಗೆ ಇಳಿಯುವಂತಿಲ್ಲ ಅನ್ನುತ್ತದೆ ಸಿದ್ಧಾಂತ. ಮುಂದೆ ಅದೇ ಹುಡುಗರು ಮತ್ತೆ ಮೇಲೇರಿದ್ದು ಕಂಡಿತು. ಕೊನೆಗೆ ನಾಲ್ಕನೇ ಮತ್ತು ಐದನೇ ಹಂತದ ನಡುವಿನ ಆ ಜಾಗಕ್ಕೆ 'ನಾಲ್ಕೂವರೆ' ಅಂತ ಹೆಸರಾಯಿತು. ನಮ್ಮ ಹುಡುಗರೂ ಅಲ್ಲೇ ನಿಂತಿದ್ದಾರೆ. ಕೆಟ್ಟಿಲ್ಲ.

ಕೋಲ್‌ಬರ್ಗರ ಹೈನ್ಸ್ ಕಥೆಯನ್ನು ಒಮ್ಮೆ ನಮ್ಮ ಕ್ಲಾಸಿನಲ್ಲಿ ಹೇಳಿದೆ. ಹೆಂಡತಿಗೆ ಕ್ಯಾನ್ಸರ್. 200 ಡಾಲರಿನ ಔಷಧಕ್ಕೆ ಅಂಗಡಿಯವ 2000 ಕೇಳುತ್ತಾನೆ. ಹೈನ್ಸ್ ಕೂಡಿಸಿದ್ದು 1000. ರಾತ್ರಿ ಬಾಗಿಲು ಮುರಿದು ಕದಿಯುತ್ತಾನೆ. ಸರಿಯೋ ತಪ್ಪೋ?

ಮೊದಲ ಬೆಂಚಿನವ ಎದ್ದ: "ಸರ್, ಅವನ ಹತ್ರ ಬಿಪಿಎಲ್ ಕಾರ್ಡ್ ಇದ್ದಿಲ್ಲೇನ್ರಿ?" ಹಿಂದಿನಿಂದ ಇನ್ನೊಬ್ಬ: "ಹುಬ್ಬಳ್ಳಿ ಕಿಮ್ಸ್ ದವಾಖಾನಿಗೆ ಒಯ್ಯಬೇಕಿತ್ರಿ." ಮೂರನೆಯವ ಎಮ್ಮೆಲ್ಲೆ ಲೆಟರ್ ತರಿಸಲು ಹೊರಟ. ಅರ್ಧ ಪಿರಿಯಡ್ ಹೈನ್ಸನ ಹೆಂಡತಿಯನ್ನು ಅಡ್ಮಿಟ್ ಮಾಡಿಸುವುದರಲ್ಲೇ ಹೋಯಿತು. ನೀತಿಯ ಪ್ರಶ್ನೆ ಹೊರಗೇ ನಿಂತಿತ್ತು.

ಆಗ ಕಥೆ ಬದಲಿಸಿದೆ. ನಿಮ್ಮ ರೂಮ್‌ಮೇಟ್ ರಾತ್ರಿ ಅಮರಗೋಳ ಎಪಿಎಂಸಿಯಲ್ಲಿ ಹಮಾಲಿ ಮಾಡ್ತಾನ, ಮೊದಲ ಪಿರಿಯಡ್ಡಿಗೆ ಏಳೋದಾಗಲ್ಲ. ಶೇ. 75 ಹಾಜರಾತಿ ಬೇಕು. ನೀವು ಅವನ ಹೆಸರಿಗೆ 'ಎಸ್ ಸರ್' ಅಂತೀರೋ ಇಲ್ಲೋ?

ಕ್ಲಾಸು ಕುದಿಯಿತು. "ಕಷ್ಟದಾಗ ಅದಾನ, ಹೇಳಲೇಬೇಕು." "ಹಂಗಾರ ಚಿಗರಿ ಬಸ್ಸಿನಾಗ ಸುತ್ತೋರಿಗೂ ಹೇಳಬೇಕಾಗ್ತದ." ಕಿಟಕಿ ಪಕ್ಕದ ಹುಡುಗಿಯೊಬ್ಬಳು, ಅಲ್ಲಿತನಕ ಬಾಯಿ ಬಿಟ್ಟವಳಲ್ಲ, ಎದ್ದು ನಿಂತು ಅಂದಳು: "ನೀವು ಪ್ರಾಕ್ಸಿ ಹೇಳಿ ಹೇಳಿ ಅವ ಬರಂಗಿಲ್ಲ ಅನ್ನೋದೇ ಸರ್‌ಗೆ ಗೊತ್ತಾಗದಂಗ ಮಾಡೀರಿ. ಗೊತ್ತಾಗಿದ್ರ ಏನರ ದಾರಿ ಹುಡುಕ್ತಿದ್ರು." ಬೆಲ್ ಆದ ಮೇಲೂ ಕಾರಿಡಾರಿನಲ್ಲಿ ಜಗಳ ನಿಲ್ಲಲಿಲ್ಲ. ಪಕ್ಕದ ಕ್ಲಾಸಿನ ಮೇಡಂ ಬಂದು ಬೈದರು, ನನ್ನನ್ನೂ ಸೇರಿಸಿ.

ಜೇಮ್ಸ್ ರೆಸ್ಟ್ ಅನ್ನೋ ಮನಶ್ಶಾಸ್ತ್ರಜ್ಞ ನೈತಿಕ ನಡೆಗೆ ನಾಲ್ಕು ಅಂಗ ಹೇಳುತ್ತಾರೆ: ಕಾಣುವುದು, ತೂಗುವುದು, ಬಯಸುವುದು, ಮಾಡಿಯೇ ತೀರುವುದು. ಗೆಳೆತನದ ಉಪಕಾರ ಅಂತ ಎಲ್ಲರೂ ತೂಗುತ್ತಿದ್ದಾಗ, ಅದರಿಂದ ಮರೆಯಾಗುತ್ತಿದ್ದ ಹುಡುಗನನ್ನು ಆ ಕಿಟಕಿ ಪಕ್ಕದ ಹುಡುಗಿ ಕಂಡಳು. ನಾವು ಕಲಿಸದೆ ಬಿಟ್ಟಿರೋದು ಈ ಮೊದಲನೆಯದನ್ನು. ಕೋಲ್‌ಬರ್ಗ್ ಮೊದಲ ಅಧ್ಯಯನದಲ್ಲಿ ಮಾತಾಡಿಸಿದ್ದು ಹುಡುಗರನ್ನಷ್ಟೇ. 1982ರಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ಅದನ್ನೇ ಹಿಡಿದು ಜಾಡಿಸಿದರು. ಅದಕ್ಕೇ ಒಂದು ತಾಸು ಬೇಕು, ಇವತ್ತು ಬೇಡ.

ಇನ್ನು ನಮ್ಮ ಕಡೆ ನೋಡ್ರಿ. 'ಪ್ರಾಮಾಣಿಕತೆಯ ಮಹತ್ವ' ಅಂತ ಅಸೈನ್‌ಮೆಂಟ್ ಕೊಡ್ತೀವಿ. ಒಬ್ಬ ಬರೀತಾನ, ಹದಿನೈದು ಮಂದಿ ಇಳಿಸ್ಕೋತಾರ, ಹದಿನಾರಕ್ಕೂ ನಾವು ಸಹಿ ಹಾಕ್ತೀವಿ. (ನಗಬ್ಯಾಡ್ರಿ, ಇಂಟರ್ನಲ್ ಮಾರ್ಕ್ಸ್ ಕಳಿಸೋ ಕೊನೇ ದಿನ ಎಲ್ಲರಿಗೂ ಬರ್ತದ.) ಯುಜಿಸಿಯ 2009ರ ನಿಯಮದಂತೆ ರ‍್ಯಾಗಿಂಗ್ ಮಾಡೋದಿಲ್ಲ ಅಂತ ಹುಡುಗನೂ ಅವರಪ್ಪನೂ ಮುಚ್ಚಳಿಕೆ ಕೊಡಬೇಕು. ಅಡ್ಮಿಶನ್ ಪಾಳಿಯಲ್ಲಿ ಅದನ್ನು ಎಷ್ಟು ಮಂದಿ ಓದಿ ಸಹಿ ಮಾಡಿದರು? 'ಇಲ್ಲೊಂದು ಸೈನ್ ಹಾಕು, ಮುಂದ ಹೋಗು' ಅಂದವರು ನಾವೇ. ಕಾಲೇಜಿನಲ್ಲಿ ಅವನು ಕೊಟ್ಟ ಮೊದಲ ಮಾತೇ ಓದದೆ ಕೊಟ್ಟದ್ದು.

ಸಂಘಟಕರು ಚೀಟಿ ಕಳಿಸಿದ್ದಾರೆ. ಮೊಬೈಲು ಮತ್ತು ಪರೀಕ್ಷಾ ಕೊಠಡಿ, ಎರಡು ವಿಷಯ ಉಳಿದವು. ಮೊಬೈಲಿನ ಬಗ್ಗೆ ಬೆಳಗ್ಗೆ ಸಾಕಷ್ಟು ಬೈದಾಗಿದೆ, ನಾನು ಕೈ ಹಚ್ಚೋದಿಲ್ಲ. ಕಾಪಿ ವಿಚಾರ ಚಹಾದ ಹೊತ್ತಿಗೆ ಮಾತಾಡೋಣ. ಇಷ್ಟು ಮಾತ್ರ ಮಾಡ್ರಿ: ಸೋಮವಾರ ಹಾಜರಿ ಕರೆಯುವಾಗ ಗೈರು ಹಾಕಿ ಮುಂದೆ ಹೋಗಬೇಡಿ, ಅವ ಯಾಕ ಬಂದಿಲ್ಲ ಅಂತ ಕ್ಲಾಸನ್ನೇ ಕೇಳ್ರಿ. ಮೊದಲ ವಾರ ಯಾರೂ ಬಾಯಿ ಬಿಡೋದಿಲ್ಲ. ಎರಡನೇ ವಾರನೂ ಕೇಳ್ರಿ.