ಸ್ಪೀಕರ್‌ನ ಅಬ್ಬರಕ್ಕೆ ಹಾರ್ಡ್ ಡಿಸ್ಕ್ ಕೆಡುತ್ತದೆಯೇ?

[ದೃಶ್ಯ: ಡಿಸ್ಕ್‌ಗಳನ್ನು ಸಾಲಾಗಿ ಜೋಡಿಸಿದ ಕಪಾಟು. ಪರದೆಯ ಬದಿಯಲ್ಲಿ ಡಿಸ್ಕ್‌ನ ವಿಳಂಬವನ್ನು ತೋರಿಸುವ ನಕ್ಷೆ.]

2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಅವರು, ಕೆಲಸದಲ್ಲಿ ತೊಡಗಿದ್ದ ಡಿಸ್ಕ್‌ಗಳ ಕಪಾಟಿನ ತೀರಾ ಹತ್ತಿರಕ್ಕೆ ಹೋಗಿ ಗಂಟಲು ಹರಿಯುವಂತೆ ಕೂಗಿದರು. ಡಿಸ್ಕ್‌ಗಳು ಉತ್ತರಿಸಲು ತೆಗೆದುಕೊಳ್ಳುವ ಸಮಯ ನಕ್ಷೆಯಲ್ಲಿ ಥಟ್ಟನೆ ಮೇಲೇರಿ, ಕೂಗು ನಿಂತ ಮೇಲೆ ಮೊದಲಿನ ಮಟ್ಟಕ್ಕೆ ಇಳಿಯಿತು. ಯಾವ ಡಿಸ್ಕೂ ಕೆಡಲಿಲ್ಲ. ಶಬ್ದವು ಡಿಸ್ಕನ್ನು ಕೆಡಿಸುವುದಕ್ಕೂ ತಡಮಾಡಿಸುವುದಕ್ಕೂ ಇರುವ ಈ ಅಂತರವೇ ಇಂದಿನ ವಿಡಿಯೋದ ವಿಷಯ.

[ದೃಶ್ಯ: ಮುಚ್ಚಳ ತೆಗೆದ ಹಾರ್ಡ್ ಡಿಸ್ಕ್, ತಿರುಗುವ ತಟ್ಟೆ, ಅದರ ಮೇಲೆ ಆಡುವ ತೋಳು.]

ಹಾರ್ಡ್ ಡಿಸ್ಕ್‌ನೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಮತ್ತು ಬರೆಯುವ ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಮಾಹಿತಿಯನ್ನು ಬರೆಯುವ ವೃತ್ತಾಕಾರದ ಸಾಲುಗಳೇ ಟ್ರ್ಯಾಕ್‌ಗಳು; ಒಂದು ತಲೆಗೂದಲಿನ ದಪ್ಪದೊಳಗೆ ನೂರಾರು ಟ್ರ್ಯಾಕ್‌ಗಳು ಹಿಡಿಸುತ್ತವೆ. ಬರೆಯುವಾಗ ಹೆಡ್ ತನ್ನ ಟ್ರ್ಯಾಕ್‌ನ ನಡುವಿನಿಂದ ಅದರ ಅಗಲದ ಸುಮಾರು ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಸರಿದರೆ ಪಕ್ಕದ ಟ್ರ್ಯಾಕ್‌ನ ಮಾಹಿತಿ ಅಳಿಸಿಹೋಗುವ ಅಪಾಯವಿರುವುದರಿಂದ, ಡಿಸ್ಕ್ ತಾನಾಗಿಯೇ ಬರೆಯುವುದನ್ನು ನಿಲ್ಲಿಸಿ, ಆ ಜಾಗ ಮತ್ತೆ ಹೆಡ್‌ನ ಕೆಳಗೆ ಬರುವವರೆಗೆ ಕಾಯುತ್ತದೆ. 7200 ಸುತ್ತಿನ ಡಿಸ್ಕ್‌ನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಹತ್ತು ಬಾರಿ ಗುರಿ ತಪ್ಪಿದರೆ 83 ಮಿಲಿಸೆಕೆಂಡ್ ವ್ಯರ್ಥವಾಗುತ್ತದೆ, ಕಂಪ್ಯೂಟರ್‌ನ ಲೆಕ್ಕದಲ್ಲಿ ಇದು ಬಹಳ ದೀರ್ಘ ಕಾಲ. ಗ್ರೆಗ್ ಅವರ ನಕ್ಷೆಯಲ್ಲಿ ಕಂಡದ್ದು ಇಂತಹ ಕಾಯುವಿಕೆಯೇ.

ಎದೆಗೆ ಗುದ್ದಿದಂತೆ ಬರುವ ವೂಫರ್‌ನ ಸದ್ದೇ ಡಿಸ್ಕ್‌ಗೆ ದೊಡ್ಡ ಶತ್ರು ಎಂದು ನಮಗೆ ತೋರುವುದು ಸಹಜ. ಆದರೆ ಹೆಡ್ಡನ್ನು ದಾರಿಯಲ್ಲಿ ಹಿಡಿದಿಡುವ ಸರ್ವೋ ವ್ಯವಸ್ಥೆಯು 50 ಅಥವಾ 100 ಹರ್ಟ್ಸ್‌ನಂತಹ ನಿಧಾನದ ಅಲುಗಾಟವನ್ನು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಸಾವಿರಾರು ಹರ್ಟ್ಸ್‌ನ ಕೀರಲು ಸದ್ದಿನ ವೇಗಕ್ಕೆ ಅದು ಹೊಂದಿಕೊಳ್ಳಲಾರದು. ಹೀಗಾಗಿ, ಮೇಜನ್ನು ನಡುಗಿಸುವ ಡೋಲಿಗಿಂತ ಕಿವಿಗೆ ಚುಚ್ಚುವ ಸೀಟಿಯೇ ಡಿಸ್ಕ್‌ಗೆ ಹೆಚ್ಚು ಕಷ್ಟ ಕೊಡಬಲ್ಲದು.

[ದೃಶ್ಯ: ಛಾವಣಿಯ ಅಗ್ನಿಶಾಮಕ ನಳಿಕೆಯಿಂದ ಅನಿಲ ನುಗ್ಗುತ್ತಿರುವುದು.]

ಅಂತಹ ಸೀಟಿ ಎಷ್ಟು ದುಬಾರಿಯಾಗಬಹುದು ಎಂಬುದನ್ನು 2016ರ ಸೆಪ್ಟೆಂಬರ್‌ನಲ್ಲಿ ರೊಮೇನಿಯಾದ ಬುಕಾರೆಸ್ಟ್ ನಗರ ಕಂಡಿತು. ಅಲ್ಲಿನ ಐಎನ್‌ಜಿ ಬ್ಯಾಂಕ್‌ನ ದತ್ತಾಂಶ ಕೇಂದ್ರದಲ್ಲಿ ಬೆಂಕಿ ನಂದಿಸುವ ವ್ಯವಸ್ಥೆಯನ್ನು ಪರೀಕ್ಷಿಸಲಾಗುತ್ತಿತ್ತು. ನೀರಿನ ಬದಲು ಜಡ ಅನಿಲವನ್ನು ಬಳಸುವುದೇ ಯಂತ್ರಗಳಿಗೆ ಹಾನಿಯಾಗದಿರಲಿ ಎಂದು. ಆದರೆ ಅತಿ ಒತ್ತಡದ ಆ ಅನಿಲ ಕಿರಿದಾದ ನಳಿಕೆಗಳಿಂದ ನುಗ್ಗಿದಾಗ ಎದ್ದ ಶಬ್ದ 130 ಡೆಸಿಬೆಲ್ ಮೀರಿ, ಹಲವಾರು ಡಿಸ್ಕ್‌ಗಳು ಹಾಳಾದವು. ಕಾರ್ಡ್, ಎಟಿಎಂ ಮತ್ತು ಇಂಟರ್ನೆಟ್ ಬ್ಯಾಂಕಿಂಗ್ ಸುಮಾರು ಹತ್ತು ಗಂಟೆ ಸ್ಥಗಿತಗೊಂಡವು. 2018ರ ಏಪ್ರಿಲ್‌ನಲ್ಲಿ ಸ್ವೀಡನ್‌ನ ಒಂದು ದತ್ತಾಂಶ ಕೇಂದ್ರದಲ್ಲೂ ಅನಿಲ ಹೊರಬಿದ್ದು, ನಾಸ್ಡಾಕ್‌ನ ನಾರ್ಡಿಕ್ ಷೇರುಪೇಟೆಗಳ ವಹಿವಾಟಿಗೆ ಅಡ್ಡಿಯಾಯಿತು. ಸದ್ದು ತಗ್ಗಿಸುವ ನಳಿಕೆಗಳು ಈಗ ಮಾರುಕಟ್ಟೆಯಲ್ಲಿರುವುದು ಸುಮ್ಮನೆ ಅಲ್ಲ.

ಬುಕಾರೆಸ್ಟ್‌ನ ಆ 130 ಡೆಸಿಬೆಲ್ ಅನ್ನು ನಿಮ್ಮ ಕೋಣೆಯೊಂದಿಗೆ ಹೋಲಿಸಿ ನೋಡಿ. ಡೆಸಿಬೆಲ್ ಲೆಕ್ಕದಲ್ಲಿ 20 ಹೆಚ್ಚಾದರೆ ಶಬ್ದದ ಒತ್ತಡ ಹತ್ತು ಪಟ್ಟಾಗುತ್ತದೆ. ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವಷ್ಟು ಜೋರಾದ 90 ಡೆಸಿಬೆಲ್‌ನ ಹಾಡಿಗಿಂತ ಆ ದಿನದ ಶಬ್ದದ ಒತ್ತಡ ನೂರು ಪಟ್ಟು ಹೆಚ್ಚು.

ಸದ್ದಿನ ಜೋರಿಗಿಂತ ಅದರ ಸ್ವರವೇ ಮುಖ್ಯವಾಗುವ ಸಂದರ್ಭವೂ ಉಂಟು. ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಅವರು 2022ರ ಆಗಸ್ಟ್‌ನಲ್ಲಿ ಹಳೆಯ ಪ್ರಸಂಗವೊಂದನ್ನು ಬರೆದರು: ಜಾನೆಟ್ ಜಾಕ್ಸನ್ ಅವರ ‘ರಿದಮ್ ನೇಷನ್’ ಹಾಡನ್ನು ಹಾಕಿದರೆ ಕೆಲವು ಲ್ಯಾಪ್‌ಟಾಪ್‌ಗಳು ಕುಸಿದುಬೀಳುತ್ತಿದ್ದವು, ಪಕ್ಕದಲ್ಲಿದ್ದ, ಹಾಡನ್ನು ನುಡಿಸದ ಲ್ಯಾಪ್‌ಟಾಪ್ ಕೂಡ ಕೈಕೊಡುತ್ತಿತ್ತು. ಅವುಗಳಲ್ಲಿದ್ದ 5400 ಸುತ್ತಿನ ಡಿಸ್ಕ್‌ನ ಸಹಜ ಆವೃತ್ತಿಗೆ, ಅಂದರೆ ಅದು ತಾನಾಗಿ ಕಂಪಿಸುವ ವೇಗಕ್ಕೆ, ಆ ಹಾಡಿನ ಒಂದು ಸ್ವರ ತಾಳೆಯಾಗಿ ಕಂಪನ ಬೆಳೆಯುತ್ತಾ ಹೋಗುವ ಅನುರಣನೆ ಉಂಟಾಗುತ್ತಿತ್ತು. ತಯಾರಕರು ಡಿಸ್ಕನ್ನು ಬದಲಿಸುವ ಗೋಜಿಗೆ ಹೋಗದೆ, ಆ ಆವೃತ್ತಿಯನ್ನೇ ಹಾಡಿನಿಂದ ಸೋಸಿ ತೆಗೆಯುವ ತಂತ್ರಾಂಶವನ್ನು ಅಳವಡಿಸಿದರು!

[ದೃಶ್ಯ: ಮನೆಯ ಮೇಜು, ಸ್ಪೀಕರ್, ಕಂಪ್ಯೂಟರ್, ಹೊರಗಿನ ಡಿಸ್ಕ್.]

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಗಾಳಿಯಲ್ಲಿ ಬರುವ ಸದ್ದಿಗಿಂತ ಮರದ ಮೇಜಿನ ಮೂಲಕ ನೇರವಾಗಿ ದಾಟುವ ಕಂಪನವೇ ಅಲ್ಲಿ ಮುಖ್ಯ. ಹೊರಗಿನ ಹಾರ್ಡ್ ಡಿಸ್ಕನ್ನು ವೂಫರ್ ಪೆಟ್ಟಿಗೆಯ ಮೇಲೆ ಇಡಬೇಡಿ. ಸ್ಪೀಕರ್ ಅದೇ ಮೇಜಿನ ಮೇಲಿದ್ದರೆ ಅದರ ಕೆಳಗೆ ದಪ್ಪ ರಬ್ಬರ್ ತುಂಡುಗಳನ್ನು ಇಡಿ. ಸ್ಪೀಕರ್‌ನ ಅಯಸ್ಕಾಂತದ ಭಯ ಬೇಡ, ಡಿಸ್ಕ್‌ನ ತೋಳನ್ನು ಆಡಿಸಲು ಅದರೊಳಗೇ ಬಲವಾದ ಅಯಸ್ಕಾಂತಗಳಿವೆ. ಗಣೇಶೋತ್ಸವದ ಮೆರವಣಿಗೆಯಲ್ಲಿ ಡಿಜೆ ಲಾರಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವವರು ಮಾತ್ರ, ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯನ್ನು ಬಳಸುವುದು ಲೇಸು; ಅಲ್ಲಿ ಶಬ್ದದ ಜೊತೆಗೆ ರಸ್ತೆಯ ಗುಂಡಿಗಳೂ ಇವೆ.

ಅನುಮಾನವಿದ್ದರೆ ದೊಡ್ಡ ಫೈಲೊಂದನ್ನು ಆ ಡಿಸ್ಕ್‌ಗೆ ನಕಲು ಮಾಡುತ್ತಾ, ಹಾಡನ್ನು ಕೆಲವು ಬಾರಿ ಹಾಕಿ, ನಿಲ್ಲಿಸಿ, ವೇಗವನ್ನು ಗಮನಿಸಿ. ಪ್ರತಿ ಬಾರಿಯೂ ಹಾಡಿನ ಜೊತೆಗೇ ವೇಗ ಕುಸಿದರೆ ಡಿಸ್ಕನ್ನು ಬೇರೆಡೆಗೆ ಸರಿಸಿ. ಹಾಡು ನಿಂತಾಗಲೂ ಕುಸಿಯುತ್ತಿದ್ದರೆ ಸ್ಪೀಕರ್ ಮೇಲೆ ತಪ್ಪು ಹೊರಿಸುವುದನ್ನು ಬಿಟ್ಟು, ಮೊದಲು ಬ್ಯಾಕಪ್ ತೆಗೆದುಕೊಳ್ಳಿ.