ಗೊತ್ತಿತ್ತು ಸರ್, ನೆನಪಾಗಲಿಲ್ಲ

ಮಾನ್ಯ ಅಧ್ಯಕ್ಷರೆ, ವೇದಿಕೆಯ ಮೇಲಿರುವ ಹಿರಿಯರೆ, ತಾಲ್ಲೂಕಿನ ಬೇರೆ ಬೇರೆ ಶಾಲೆಗಳಿಂದ ಬಂದಿರುವ ಶಿಕ್ಷಕ ಬಂಧುಗಳೆ,

ಪರೀಕ್ಷೆ ಮುಗಿಸಿ ಹೊರಬಂದ ಮಕ್ಕಳ ಬಾಯಲ್ಲಿ ನಾವೆಲ್ಲ ಕೇಳಿರುವ ಮಾತೊಂದಿದೆ: "ಗೊತ್ತಿತ್ತು ಸರ್, ನೆನಪಾಗಲಿಲ್ಲ." ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನಾನು ಬಹುಕಾಲ ಈ ಮಾತನ್ನು ನೆಪವೆಂದೇ ತಿಳಿದಿದ್ದೆ. ಅದು ನೆಪವಲ್ಲ, ಮಗು ತನ್ನ ಸ್ಥಿತಿಯನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತಿದೆ ಎಂದು ಈಗ ನಂಬಿದ್ದೇನೆ. ಅದು ಓದಿತ್ತು, ಓದಿದ್ದು ತಲೆಯಲ್ಲಿ ಇತ್ತು, ಆದರೆ ಬೇಕಾದಾಗ ಅದನ್ನು ಹೊರಗೆ ತೆಗೆಯುವ ಅಭ್ಯಾಸವನ್ನು ನಾವು ಮಾಡಿಸಿರಲಿಲ್ಲ. ವಾರಕ್ಕೆ ಎರಡು ಮೂರು ಸಲ ಕೊಡುವ, ಐದೇ ಪ್ರಶ್ನೆಗಳ, ಅಂಕವನ್ನು ಎಲ್ಲಿಯೂ ಬರೆದಿಡದ ಕಿರುಪರೀಕ್ಷೆ ಆ ಅಭ್ಯಾಸವನ್ನು ಮಾಡಿಸುತ್ತದೆ ಎಂಬುದನ್ನು ಹೇಳುವುದಕ್ಕೇ ನಾನು ಇಂದು ಬಂದಿದ್ದೇನೆ.

ಇದು ನನ್ನೊಬ್ಬನ ಅನುಭವವಲ್ಲ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಎರಡು ಸಣ್ಣ ಗದ್ಯಭಾಗಗಳನ್ನು ಕೊಟ್ಟರು. ಒಂದನ್ನು ಏಳೇಳು ನಿಮಿಷದಂತೆ ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದೇ ಸಲ ಓದಿಸಿ, ಪುಟವನ್ನು ತೆಗೆದಿಟ್ಟು, ನೆನಪಿದ್ದಷ್ಟನ್ನು ಬರೆಯಲು ಅದೇ ಏಳು ನಿಮಿಷ ಕೊಟ್ಟರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದರಲ್ಲಿ ಶೇಕಡಾ 81ರಷ್ಟು, ಓದಿ ಬರೆದದ್ದರಲ್ಲಿ 75ರಷ್ಟು ನೆನಪಿತ್ತು. ಒಂದು ವಾರ ಕಳೆದು ಕೇಳಿದಾಗ ಎರಡು ಸಲ ಓದಿದ್ದು 42ಕ್ಕೆ ಇಳಿದಿತ್ತು, ಓದಿ ಬರೆದದ್ದು 56ರಲ್ಲಿ ನಿಂತಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕವನ್ನು ಮತ್ತೆ ಮತ್ತೆ ತಿರುವಿ ಹಾಕುವ ಮಗುವಿಗೆ ಎಲ್ಲವೂ ಬಂದಂತೆ ಅನಿಸುವುದೇಕೆ, ತಿಂಗಳ ನಂತರ ಅದರಲ್ಲಿ ಏನೂ ಉಳಿಯದಿರುವುದೇಕೆ ಎಂಬುದು ಈ ನಾಲ್ಕು ಅಂಕಿಗಳಲ್ಲಿ ಕಾಣುತ್ತದೆ. ಅದಕ್ಕೂ ಬಹಳ ಹಿಂದೆ, 1939ರಲ್ಲಿ, ಸ್ಪಿಟ್ಜರ್ ಎಂಬವರು ಅಯೋವಾ ರಾಜ್ಯದ ಆರನೆಯ ತರಗತಿಯ 3,605 ಮಕ್ಕಳಿಗೆ ಕಡಲೆಕಾಯಿ ಮತ್ತು ಬಿದಿರಿನ ಬಗ್ಗೆ ಲೇಖನಗಳನ್ನು ಓದಿಸಿ, ಓದಿದ ಕೂಡಲೇ ಪ್ರಶ್ನೆ ಕೇಳಿಸಿಕೊಂಡ ಮಕ್ಕಳಿಗೆ ವಾರಗಳ ನಂತರವೂ ಹೆಚ್ಚು ನೆನಪಿರುವುದನ್ನು ಕಂಡಿದ್ದರು.

ನಮಗಂತೂ ಇದು ಹೊಸದೇನೂ ಅಲ್ಲ. ಪಾಠ ಒಪ್ಪಿಸುವುದು ಎಂಬ ಮಾತೇ ನಮ್ಮಲ್ಲಿದೆ. ಮಗ್ಗಿ ಒಪ್ಪಿಸದೆ ಮನೆಗೆ ಬಿಡದ ಮಠದ ಅಯ್ಯನವರಿಗೆ ಈ ಗುಟ್ಟು ತಿಳಿದಿತ್ತು, ಆದರೆ ಅವರ ಇನ್ನೊಂದು ಕೈಯಲ್ಲಿ ಬೆತ್ತವಿತ್ತು. ಬೆತ್ತವನ್ನು ಬಿಟ್ಟದ್ದು ಒಳ್ಳೆಯದಾಯಿತು. ಬೆತ್ತದ ಜೊತೆಗೆ ಒಪ್ಪಿಸುವುದನ್ನೂ ಬಿಟ್ಟುಬಿಟ್ಟೆವಲ್ಲ, ನನ್ನ ದುಃಖ ಅದು.

ಈಗ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಹತ್ತನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಪರೀಕ್ಷೆ ಎಂದರೆ ಅಂಗೈ ಬೆವರಿ ಉತ್ತರಪತ್ರಿಕೆಯ ಅಂಚು ಒದ್ದೆಯಾಗುತ್ತಿತ್ತು. ನಾನು ರಫ್ ಪುಸ್ತಕದ ಅರ್ಧ ಹಾಳೆಯಲ್ಲಿ ಐದು ಪ್ರಶ್ನೆಗಳನ್ನು ಬರೆಸಲು ಆರಂಭಿಸಿದಾಗ ಮೊದಲ ವಾರ ಅವಳು ಹೆಸರನ್ನಷ್ಟೇ ಬರೆದಳು. "ಹೆಸರೂ ಬೇಡಮ್ಮ, ಹಾಳೆ ನಿನ್ನ ಹತ್ತಿರವೇ ಇರಲಿ" ಎಂದೆ. ಮರುವಾರ ಬೆಳಕಿನ ಪಾಠ ನಡೆಯುತ್ತಿತ್ತು. ವಾಹನದ ಚಾಲಕ ಹಿಂದಿನ ರಸ್ತೆಯನ್ನು ನೋಡಲು ಬಳಸುವ ದರ್ಪಣ ಯಾವುದು ಎಂದು ಕೇಳಿದ್ದೆ. ನಿಮ್ನ ದರ್ಪಣ ಎಂದು ಬರೆದಿದ್ದಳು. ತಪ್ಪು. ಪೀನ ದರ್ಪಣ ಎಂದು ಕಪ್ಪುಹಲಗೆಯ ಮೇಲೆ ಬರೆದೆ, ಮಕ್ಕಳು ತಮ್ಮ ತಮ್ಮ ಹಾಳೆಗಳನ್ನು ತಾವೇ ತಿದ್ದಿಕೊಂಡರು, ಪಾಠ ಮುಂದುವರಿಯಿತು. ಮಾರನೆಯ ದಿನ ಪ್ರಾರ್ಥನೆಗೂ ಮೊದಲೇ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಸರ್, ಬಸ್ಸಿನ ಕನ್ನಡಿಯನ್ನು ಮುಟ್ಟಿ ನೋಡಿದೆ. ಅದು ಹೊರಗೆ ಉಬ್ಬಿದೆ. ನಮ್ಮೂರ ರಸ್ತೆ ಪೂರ್ತಿ ಅದರಲ್ಲಿ ಚಿಕ್ಕದಾಗಿ ಕಾಣುತ್ತೆ." ಕಂಡಕ್ಟರ್ ಗದರಿದರಂತೆ, ಡ್ರೈವರ್ ಮಾತ್ರ "ನೋಡ್ಲಿ ಬಿಡಪ್ಪ" ಅಂದರಂತೆ. ಆ ತಪ್ಪು ಉತ್ತರಕ್ಕೆ ನಾನು ಸೊನ್ನೆ ಹಾಕಿ ಅಂಕಪಟ್ಟಿಗೆ ಏರಿಸಿದ್ದರೆ ಅವಳು ಆ ಕನ್ನಡಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಅಂಕವನ್ನು ಬರೆದಿಡಬೇಡಿ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು ನಮ್ಮಲ್ಲಿ ಈಗಾಗಲೇ ಇವೆ. ಕಲಿಕೆಯನ್ನು ರೂಪಿಸಲಿ ಎಂಬ ಉದ್ದೇಶದಿಂದ ಬಂದ ಅವು ಹತ್ತನೆಯ ತರಗತಿಯಲ್ಲಿ 20 ಆಂತರಿಕ ಅಂಕಗಳಿಗೆ ಗಂಟುಬಿದ್ದ ಮೇಲೆ ಏನಾದವು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ, ನಿಮ್ಮ ಬೀರುಗಳಲ್ಲಿರುವ ಕಡತಗಳೇ ಹೇಳುತ್ತವೆ. ಅಂಕ ಸೇರಿದ ಕ್ಷಣ ಮಗು ಪಕ್ಕದ ಹಾಳೆಯನ್ನು ನೋಡುತ್ತದೆ, ಪೋಷಕರು ಫೋನು ಮಾಡುತ್ತಾರೆ, ನಾವು ದಾಖಲೆ ತುಂಬುತ್ತೇವೆ, ಮರೆತದ್ದನ್ನು ನೆನೆಯಲು ಮಗು ಪಡಬೇಕಾದ ಆ ಸಣ್ಣ ಕಷ್ಟವೇ ಇಲ್ಲವಾಗುತ್ತದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹಳೆಯ ಪಾಠಗಳನ್ನು ಹೊಸದರೊಂದಿಗೆ ಬೆರೆಸಿ ಕೇಳುವುದರ ಬಗ್ಗೆ ವಿಸ್ತಾರವಾಗಿ ಮಾತಾಡಬೇಕೆಂದಿದ್ದೆ. ಐದರಲ್ಲಿ ಎರಡು ಪ್ರಶ್ನೆಗಳು ಹೋದ ತಿಂಗಳ ಪಾಠದಿಂದ ಬರಲಿ ಎಂದಷ್ಟೇ ಈಗ ಹೇಳುತ್ತೇನೆ. ಸರಿಯುತ್ತರವನ್ನು ಅದೇ ಪಿರಿಯಡ್ಡಿನಲ್ಲಿ ಹೇಳಿಬಿಡಿ, ಇಲ್ಲದಿದ್ದರೆ ತಪ್ಪೇ ಗಟ್ಟಿಯಾದೀತು. ಅರವತ್ತು ಮಕ್ಕಳ ಹಾಳೆಗಳನ್ನು ತಿದ್ದುವುದು ಹೇಗೆ ಎಂದು ಹಿಂದಿನ ಸಾಲಿನ ಮೇಡಂ ಆಗಲೇ ಕೇಳಿದರು. ನೀವು ತಿದ್ದಬೇಡಿ ಮೇಡಂ, ಮಕ್ಕಳೇ ತಿದ್ದಿಕೊಳ್ಳಲಿ. ಯಾವ ಪ್ರಶ್ನೆಗೆ ಎಷ್ಟು ಕೈಗಳು ಮೇಲೆದ್ದವು ಎಂಬುದನ್ನು ನೋಡಿಕೊಂಡರೆ ಮರುದಿನ ಎಲ್ಲಿಂದ ಶುರುಮಾಡಬೇಕೆಂದು ನಿಮಗೆ ತಿಳಿಯುತ್ತದೆ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಬರೆಯಲು ಆರು ನಿಮಿಷ, ಉತ್ತರ ಹೇಳಲು ನಾಲ್ಕು ನಿಮಿಷ ಸಾಕು. ಇನ್ನು, ಮೊದಲ ಪ್ರಶ್ನೆ ಕೊನೆಯ ಬೆಂಚಿನ ಹುಡುಗನಿಗೂ ಖಂಡಿತ ಬರುವಂಥದ್ದಾಗಿರಲಿ. ಅದೊಂದನ್ನು ಬರೆದ ಹುಡುಗ ಎರಡನೆಯದಕ್ಕೂ ಪೆನ್ನು ಎತ್ತುತ್ತಾನೆ.